ಸೂರ್ಯಕಾಂತಿಯ ಕಾಡು ನೆಂಟರು

ಅಮೆರಿಕದ ಕ್ಯಾನ್ಸಸ್ ರಾಜ್ಯ 1903ರಲ್ಲಿ ಕಾಡು ಸೂರ್ಯಕಾಂತಿಯನ್ನು ತನ್ನ ನಾಡಹೂವೆಂದು ಘೋಷಿಸಿತು. ಅದೇ ಗಿಡವನ್ನು ಅಯೋವಾ ರಾಜ್ಯ ಕಿತ್ತೊಗೆಯಬೇಕಾದ ಕಳೆಗಳ ಪಟ್ಟಿಗೆ ಸೇರಿಸಿತ್ತು. ರಸ್ತೆಯ ಬದಿ, ರೈಲು ಹಳಿಯ ಅಂಚು, ಪಾಳುಬಿದ್ದ ಹೊಲ, ಹೊಳೆದಂಡೆ ಹೀಗೆ ನೆಲ ಕದಡಿದ ಕಡೆಯೆಲ್ಲ ತಾನಾಗಿ ಹುಟ್ಟಿ, ಬೇಸಿಗೆಯಲ್ಲಿ ಹಳದಿ ಹೂ ಬಿಟ್ಟು, ಚಳಿಗೆ ಒಣಗಿಹೋಗುವ ಒಂದು ವರ್ಷದ ಗಿಡ ಇದು. ಇದನ್ನು ಯಾರೂ ಬಿತ್ತುವುದಿಲ್ಲ, ಯಾರೂ ನೀರು ಹಾಯಿಸುವುದಿಲ್ಲ. ಆದರೂ ರಾಯಚೂರಿನ ಎರೆಹೊಲದಲ್ಲಿ ಸೂರ್ಯಕಾಂತಿ ಬಿತ್ತುವ ರೈತರು, ಬೆಂಗಳೂರಿನ ಅಡುಗೆಮನೆಯಲ್ಲಿ ಒಗ್ಗರಣೆಗೆ ಎಣ್ಣೆ ಕಾಯಿಸುವವರು ಎಲ್ಲರೂ ಈ ಗಿಡಕ್ಕೆ, ಇದರ ದಾಯಾದಿ ಗಿಡಗಳಿಗೆ ಋಣಿಗಳು. ಆ ಋಣ ಎಂಥದು, ಅದನ್ನು ನಾವು ಯಾಕೆ ಮರೆಯಬಾರದು ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ಗೊಂದಲ ತಿಳಿಯಾಗಲಿ. ಮಲೆನಾಡು, ಕೊಡಗು, ನೀಲಗಿರಿಯ ರಸ್ತೆಬದಿಗಳಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಪೊದೆಪೊದೆಯಾಗಿ ಹಳದಿ ಹೂ ಬಿಡುವ ಗಿಡವನ್ನೂ ನಮ್ಮಲ್ಲಿ ಹಲವರು ಕಾಡು ಸೂರ್ಯಕಾಂತಿ ಎನ್ನುತ್ತಾರೆ. ಅದು ಮೆಕ್ಸಿಕೋ ಕಡೆಯಿಂದ ಬಂದ ಟಿಥೋನಿಯಾ. ಹಲವು ವರ್ಷ ಬದುಕುವ ಪೊದೆ, ಬೇರೆಯೇ ಕುಲ. ಇಲ್ಲಿ ಹೇಳುತ್ತಿರುವುದು ಹೀಲಿಯಾಂಥಸ್ ಕುಲದ ಗಿಡಗಳ ಕಥೆ. ಉತ್ತರ ಅಮೆರಿಕವೇ ತವರಾದ ಈ ಕುಲದಲ್ಲಿ ಸುಮಾರು 50 ಪ್ರಭೇದಗಳಿವೆ. ಕೆಲವು ಒಂದೇ ವರ್ಷದೊಳಗೆ ಹೂಬಿಟ್ಟು ಮುಗಿಯುತ್ತವೆ, ಹೆಚ್ಚಿನವು ಬೇರಿನಿಂದ ಮತ್ತೆ ಮತ್ತೆ ಚಿಗುರುತ್ತವೆ. ನಾವು ಬೆಳೆಯುವ ಸೂರ್ಯಕಾಂತಿ ಹೀಲಿಯಾಂಥಸ್ ಆನ್ಯುಅಸ್. ಕ್ಯಾನ್ಸಸ್ಸಿನ ರಸ್ತೆಬದಿಯ ಕಾಡುಗಿಡವೂ ಅದೇ ಪ್ರಭೇದ. ಹೊಲದ್ದು ಸಾಕಿದ ರೂಪ, ದಾರಿಬದಿಯದು ಮೂಲ ರೂಪ.

ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಒಂದೇ ವಂಶದವೆಂದು ನಂಬುವುದು ಕಷ್ಟ. ಹೊಲದ ಗಿಡಕ್ಕೆ ಒಂದು ದಂಟು, ತುದಿಯಲ್ಲಿ ಒಂದೇ ಅಗಲ ತೆನೆ. ಕಾಡುಗಿಡ ಬುಡದಿಂದಲೇ ಕವಲೊಡೆದು, ಆಳೆತ್ತರ ಮೀರಿ ಬೆಳೆದು, ಹತ್ತಾರು ಚಿಕ್ಕ ಚಿಕ್ಕ ಹೂಗಳನ್ನು ವಾರಗಟ್ಟಲೆ ಒಂದಾದ ಮೇಲೊಂದು ಅರಳಿಸುತ್ತದೆ. ಹೊಲದ ತೆನೆ ಬಲಿತ ಮೇಲೂ ಕಾಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಕಾಡುಗಿಡದ ಸಣ್ಣ ಕಾಳು ಬಲಿಯುತ್ತಲೇ ಉದುರುತ್ತದೆ. ಬಿತ್ತಿದ ಬೀಜ ಹಸಿ ಸಿಕ್ಕ ಕೂಡಲೇ ಒಟ್ಟಿಗೆ ಮೊಳೆಯುತ್ತದೆ. ಕಾಡುಬೀಜ ನೆಲದಲ್ಲಿ ನಿದ್ದೆ ಮಾಡುತ್ತ ಈ ವರ್ಷ ಕೆಲವು, ಮುಂದಿನ ವರ್ಷ ಕೆಲವು ಎಂದು ಸರದಿಯಲ್ಲಿ ಏಳುತ್ತದೆ. ಒಂದು ಬರ ಬಂದರೂ ಸಂತತಿ ಅಳಿಯದಿರಲಿ ಎಂಬುದಕ್ಕೆ ಕಾಡಿನ ಗಿಡ ಕಂಡುಕೊಂಡ ಉಪಾಯ ಅದು. ರೈತನಿಗೆ ಮಾತ್ರ ಇದೇ ಗುಣ ತಲೆನೋವು. ಹೀಗೆ ಕಾಡಿಗೆ ಬೇಕಾದ ಒಂದೊಂದು ಗುಣವನ್ನೂ ಮನುಷ್ಯ ತನ್ನ ಅನುಕೂಲಕ್ಕೆ ತಕ್ಕಂತೆ ಕಳೆಯುತ್ತ ಬಂದದ್ದೇ ಬೇಸಾಯದ ಚರಿತ್ರೆ.

ಈ ಕೆಲಸ ಮಾಡಿದವರು ಅಮೆರಿಕದ ಮೂಲನಿವಾಸಿಗಳು. ಇಂದಿನ ಟೆನೆಸೀ ರಾಜ್ಯದ ಹೇಯ್ಸ್ ಎಂಬ ನೆಲೆಯಲ್ಲಿ ಸಿಕ್ಕ ಸಾಕಿದ ಸೂರ್ಯಕಾಂತಿಯ ಕಾಳುಗಳು ನಾಲ್ಕು ಸಾವಿರ ವರ್ಷಕ್ಕೂ ಹಳೆಯವು. ಮೆಕ್ಕೆಜೋಳ ಆ ಪ್ರದೇಶಕ್ಕೆ ಬರುವ ಮೊದಲೇ ಅಲ್ಲಿನ ಜನ ದಪ್ಪ ಕಾಳಿನ, ಉದುರದ ಗಿಡಗಳನ್ನು ವರ್ಷವರ್ಷ ಆರಿಸಿ ಬಿತ್ತುತ್ತಿದ್ದರು. 1805ರಲ್ಲಿ ಮಿಸೌರಿ ನದಿಯ ಗುಂಟ ಸಾಗಿದ ಅನ್ವೇಷಕರಾದ ಲೂಯಿಸ್ ಮತ್ತು ಕ್ಲಾರ್ಕ್ ತಮ್ಮ ದಿನಚರಿಯಲ್ಲಿ, ಅಲ್ಲಿನ ಜನ ಸೂರ್ಯಕಾಂತಿ ಬೀಜವನ್ನು ಹಿಟ್ಟು ಮಾಡಿ ರೊಟ್ಟಿಗೆ ಬಳಸುವುದನ್ನು ಬರೆದಿದ್ದಾರೆ. ಹೋಪಿ ಜನ ಬೆಳೆಸಿಕೊಂಡು ಬಂದ ತಳಿಯ ಕಾಳಿನ ಸಿಪ್ಪೆಯಿಂದ ನೇರಳೆ ಬಣ್ಣ ತೆಗೆಯುತ್ತಾರೆ. ಹದಿನಾರನೇ ಶತಮಾನದಲ್ಲಿ ಸ್ಪೇನಿನವರು ಸೂರ್ಯಕಾಂತಿಯನ್ನು ಯುರೋಪಿಗೆ ಒಯ್ದಾಗ ಅದು ಅಲ್ಲಿ ಬಹುಕಾಲ ತೋಟದ ಅಲಂಕಾರವಾಗಿಯೇ ಉಳಿಯಿತು.

ಎಣ್ಣೆಯ ಬೆಳೆಯಾಗಿ ಬೆಳೆದದ್ದು ರಷ್ಯದಲ್ಲಿ. ಅಲೆಕ್ಸೇಯೆವ್ಕ ಎಂಬ ಊರಿನ ದಾನಿಲ್ ಬೊಕರ್ಯೋವ್ 1829ರಲ್ಲಿ ಕೈಗಾಣದಿಂದ ಸೂರ್ಯಕಾಂತಿ ಎಣ್ಣೆ ತೆಗೆದ. ಕೆಲವೇ ವರ್ಷಗಳಲ್ಲಿ ಆ ಸೀಮೆಯ ತುಂಬ ಎಣ್ಣೆ ಗಿರಣಿಗಳು ಎದ್ದವು. ಇಪ್ಪತ್ತನೇ ಶತಮಾನದಲ್ಲಿ ಕ್ರಾಸ್ನೊದಾರಿನ ವಾಸಿಲಿ ಪುಸ್ತೊವೊಯ್ತ್ ದಶಕಗಳ ಕಾಲ ಆರಿಸಿ ಆರಿಸಿ, ಕಾಳಿನ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗವಿದ್ದ ಎಣ್ಣೆಯನ್ನು ಅರ್ಧದ ಹತ್ತಿರಕ್ಕೆ ಏರಿಸಿದರು. ಖಾದ್ಯ ತೈಲದ ಕೊರತೆಯಲ್ಲಿದ್ದ ಭಾರತ 1969ರಲ್ಲಿ ತರಿಸಿಕೊಂಡದ್ದು ಇಂಥ ರಷ್ಯನ್ ತಳಿಗಳನ್ನೇ; ಪೆರೆದೊವಿಕ್ ಅವುಗಳಲ್ಲಿ ಒಂದು. ಕೆನಡಾದಿಂದ ಬಂದ ಮೋರ್ಡೆನ್ ಎಂಬ ಗಿಡ್ಡ ತಳಿಯೂ ನಮ್ಮ ಹೊಲಗಳಿಗೆ ಹೊಂದಿಕೊಂಡಿತು. ಕುಸುಬೆ, ಗುರೆಳ್ಳು ನಮಗೆ ತಲೆಮಾರುಗಳಿಂದ ಗೊತ್ತು. ಅವೂ ಇದೇ ಕುಟುಂಬದ ಹಳದಿ ಹೂವಿನ ಬೆಳೆಗಳೇ. ಹಾಗಾಗಿ ಉತ್ತರ ಕರ್ನಾಟಕದಲ್ಲಿ ಹಲವರು ಸೂರ್ಯಪಾನ ಎಂದು ಕರೆದ ಈ ಹೊಸ ನೆಂಟ ಬೇಗ ಒಗ್ಗಿಹೋದ.

ಒಂದು ತೊಡಕು ಮಾತ್ರ ಬೀಜದ ಜೊತೆಗೇ ಬಂದಿತ್ತು. ಸೂರ್ಯಕಾಂತಿಯ ತೆನೆ ಎಂದರೆ ಒಂದು ಹೂವಲ್ಲ. ಸಾವಿರಕ್ಕೂ ಹೆಚ್ಚು ಪುಟ್ಟ ಹೂಗಳ ಒತ್ತಾದ ಸಮೂಹ. ಅಂಚಿನ ಹಳದಿ ಎಸಳುಗಳೂ ಒಂದೊಂದು ಹೂವೇ, ಆದರೆ ಅವು ಕಾಳು ಕಟ್ಟುವುದಿಲ್ಲ. ಜೇನುಗಳನ್ನು ಕರೆಯುವುದಷ್ಟೇ ಅವುಗಳ ಕೆಲಸ. ನಡುವಿನ ಪುಟ್ಟ ಹೂಗಳು ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಅರಳುತ್ತವೆ. ಪ್ರತಿ ಹೂವಿನಲ್ಲೂ ಮೊದಲು ಪರಾಗ ಹೊರಬಂದು, ಆಮೇಲೆ ಶಲಾಕೆ ಬಾಯಿ ತೆರೆಯುತ್ತದೆ. ತನ್ನ ಪರಾಗ ತನಗೇ ತಾಗಿ ಕಾಳಾಗದಿರಲಿ ಎಂಬ ಏರ್ಪಾಡು ಇದು. ಇದರ ಮೇಲೆ ಕಾಡುಗಿಡ ತನ್ನದೇ ಪರಾಗವನ್ನು ಗುರುತಿಸಿ ತಿರಸ್ಕರಿಸುತ್ತದೆ ಕೂಡ. ಬೇರೆ ಗಿಡದ ಪರಾಗ ಬಂದರೆ ಮಾತ್ರ ಕಾಳು. ಸಂತತಿಯಲ್ಲಿ ವೈವಿಧ್ಯ ಉಳಿಯುವುದು ಇದರಿಂದಲೇ. ಈ ಗುಣ ಹಳೆಯ ತಳಿಗಳಲ್ಲೂ ಉಳಿದಿತ್ತು. ಜೇನು ಬಾರದ ವರ್ಷ ತೆನೆಯ ತುಂಬ ಜೊಳ್ಳು. ಹಾಗಾಗಿಯೇ ನಮ್ಮ ಕೃಷಿ ವಿಜ್ಞಾನಿಗಳು ಹೂ ಬಿಡುವ ಕಾಲದಲ್ಲಿ ಹೊಲದಲ್ಲಿ ಜೇನುಪೆಟ್ಟಿಗೆ ಇಡಲು ಹೇಳಿದರು. ಬೆಳಗಿನ ಹೊತ್ತು ಮೆತ್ತನೆಯ ಬಟ್ಟೆಯಿಂದ ತೆನೆಯಿಂದ ತೆನೆಗೆ ಸವರಿಕೊಂಡು ಹೋಗುವುದನ್ನೂ ಕಲಿಸಿದರು.

ಇಳುವರಿ ಏರಬೇಕಾದರೆ ಹೈಬ್ರಿಡ್ ಬೀಜ ಬೇಕಿತ್ತು. ದೂರದ ಎರಡು ತಳಿಗಳನ್ನು ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಬರುವ ಕಸುವು ಎಲ್ಲ ಬೆಳೆಗಾರರಿಗೂ ಗೊತ್ತು. ಅದಕ್ಕೆ ತಾಯಿ ಸಾಲಿನ ಗಿಡಗಳಲ್ಲಿ ಪರಾಗ ಇರಬಾರದು, ತಂದೆ ಸಾಲಿನ ಪರಾಗವೇ ಬರಬೇಕು. ಮೆಕ್ಕೆಜೋಳದಲ್ಲಿ ಇದು ಸುಲಭ; ತುದಿಯ ಸೂಲಂಗಿ ಕಿತ್ತರೆ ಮುಗಿಯಿತು. ಸೂರ್ಯಕಾಂತಿಯ ಒಂದೊಂದು ತೆನೆಯಲ್ಲೂ ಸಾವಿರ ಹೂ, ಪ್ರತಿಯೊಂದರಲ್ಲೂ ಗಂಡುಭಾಗ. ಚಿಮಟ ಹಿಡಿದು ಅವನ್ನೆಲ್ಲ ಕಿತ್ತು ಒಂದು ಜಿಲ್ಲೆಗೆ ಸಾಕಾಗುವಷ್ಟು ಬೀಜ ಮಾಡುವುದು ಆಗದ ಮಾತು.

ಈ ಬಾಗಿಲನ್ನು ತೆರೆದದ್ದು ಒಂದು ಕಾಡುಗಿಡ. ಅಮೆರಿಕದ ಮರಳು ಬಯಲುಗಳಲ್ಲಿ ಬೆಳೆಯುವ ಹೀಲಿಯಾಂಥಸ್ ಪೆಟಿಯೊಲಾರಿಸ್ ಕೂಡ ಹಳದಿ ಹೂವಿನ, ಒಂದೇ ವರ್ಷ ಬದುಕುವ ಗಿಡ. ಫ್ರಾನ್ಸಿನ ಪ್ಯಾಟ್ರಿಸ್ ಲೆಕ್ಲೆರ್ಕ್ ಅದನ್ನು ತಾಯಿಯಾಗಿಟ್ಟು, ಸಾಕಿದ ಸೂರ್ಯಕಾಂತಿಯ ಪರಾಗವನ್ನು ಪೀಳಿಗೆಯಿಂದ ಪೀಳಿಗೆಗೆ ಕೊಡುತ್ತ ಹೋದರು. ಬಂದ ಗಿಡಗಳಲ್ಲಿ ಕೆಲವು ನೋಡಲು ಹೊಲದ ಸೂರ್ಯಕಾಂತಿಯಂತೆಯೇ ಇದ್ದವು, ಪರಾಗ ಮಾತ್ರ ಇರಲಿಲ್ಲ. ಅವರು ಇದನ್ನು ಪ್ರಕಟಿಸಿದ್ದು 1969ರಲ್ಲಿ.

ಕಾರಣ ಸ್ವಾರಸ್ಯದ್ದು. ಜೀವಕೋಶದ ಕೇಂದ್ರದಲ್ಲಿರುವ ವಂಶವಾಹಿಗಳು ತಂದೆ ತಾಯಿ ಇಬ್ಬರಿಂದಲೂ ಬರುತ್ತವೆ. ಕೇಂದ್ರದ ಹೊರಗೆ, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳಲ್ಲೂ ಒಂದಿಷ್ಟು ವಂಶವಾಹಿಗಳಿವೆ. ಅವು ತಾಯಿಯಿಂದ ಮಾತ್ರ ಬರುತ್ತವೆ. ಲೆಕ್ಲೆರ್ಕ್ ಅವರ ಗಿಡಗಳಲ್ಲಿ ಕೇಂದ್ರ ಬಹುಪಾಲು ಹೊಲದ ಸೂರ್ಯಕಾಂತಿಯದು, ಮೈಟೊಕಾಂಡ್ರಿಯ ಕಾಡುತಾಯಿಯದು. ಎರಡಕ್ಕೂ ಹೊಂದಾಣಿಕೆಯಾಗದೆ, ಪರಾಗ ರೂಪುಗೊಳ್ಳುವ ಹಂತದಲ್ಲಿ ಆ ಕೋಶಗಳು ಸಾಯುತ್ತವೆ. ಹೂವಿನ ಹೆಣ್ಣುಭಾಗಕ್ಕೆ ಏನೂ ಆಗುವುದಿಲ್ಲ. ಚಿಮಟವಿಲ್ಲದೆ, ಕೂಲಿಯಿಲ್ಲದೆ, ಪರಾಗವಿರದ ತಾಯಿ ಸಾಲು ಹೀಗೆ ಸಿಕ್ಕಿತು.

ಆದರೆ ಕಥೆ ಅರ್ಧವಷ್ಟೇ ಆಗಿತ್ತು. ಈ ತಾಯಿಯ ಮಕ್ಕಳೂ ಪರಾಗವಿಲ್ಲದವೇ ಆದರೆ ರೈತನ ಹೊಲದಲ್ಲಿ ಕಾಳೇ ಕಟ್ಟುವುದಿಲ್ಲ. ಪರಾಗವನ್ನು ಮತ್ತೆ ಬರಿಸುವ ವಂಶವಾಹಿ ತಂದೆಯ ಕಡೆಯಿಂದ ಬರಬೇಕು. ಅಮೆರಿಕದ ಮರ್ರೇ ಕಿನ್ಮನ್ ಅಂಥದನ್ನು 1970ರಲ್ಲಿ ಗುರುತಿಸಿದರು. ಕಾಡು ಸೂರ್ಯಕಾಂತಿಯ ಸಮೂಹಗಳಲ್ಲಿ ಈ ವಂಶವಾಹಿಗಳು ಹೇರಳವಾಗಿವೆ ಎಂಬುದು ಆಮೇಲಿನ ಸಂಶೋಧನೆಗಳಿಂದ ತಿಳಿಯಿತು. ಬೀಗ ಒಂದು ಕಾಡುಗಿಡದ್ದು, ಕೀಲಿಕೈಗಳ ಗೊಂಚಲು ಅದರ ನೆಂಟನದು. ಇಂದು ಜಗತ್ತಿನಲ್ಲಿ ಬಿತ್ತುವ ಸೂರ್ಯಕಾಂತಿ ಹೈಬ್ರಿಡ್‌ಗಳೆಲ್ಲವೂ ಹೆಚ್ಚುಕಡಿಮೆ ಲೆಕ್ಲೆರ್ಕ್ ಅವರಿಗೆ ಸಿಕ್ಕ ಆ ಒಂದು ಕಾಡುತಾಯಿಯ ವಂಶದವು.

ಕರ್ನಾಟಕದ ಪಾಲು ಇಲ್ಲಿ ದೊಡ್ಡದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಈ ವಿಧಾನದಿಂದ ಬಿಎಸ್‌ಎಚ್-1 ಎಂಬ ತಳಿಯನ್ನು ರೂಪಿಸಿ 1980ರಲ್ಲಿ ರೈತರಿಗೆ ಕೊಟ್ಟಿತು. ಭಾರತದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಅದು. ಆಮೇಲೆ ಅದೇ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಿಂದ ಕೆಬಿಎಸ್‌ಎಚ್ ಸರಣಿಯ ತಳಿಗಳು ಬಂದು ದೇಶದ ಹಲವು ರಾಜ್ಯಗಳಿಗೆ ಹರಡಿದವು. ಹೈಬ್ರಿಡ್‌ಗಳಲ್ಲಿ ತನ್ನ ಪರಾಗದಿಂದಲೂ ಕಾಳು ಕಟ್ಟುವ ಶಕ್ತಿ ಹೆಚ್ಚಿದ್ದರಿಂದ ಜೊಳ್ಳಿನ ಕಾಟವೂ ತಗ್ಗಿತು. 1990ರ ದಶಕದ ಆರಂಭಕ್ಕೆ ದೇಶದಲ್ಲಿ ಸೂರ್ಯಕಾಂತಿಯ ವಿಸ್ತೀರ್ಣ 25 ಲಕ್ಷ ಹೆಕ್ಟೇರ್ ದಾಟಿತ್ತು. ಅದರಲ್ಲಿ ಕರ್ನಾಟಕದ್ದೇ ದೊಡ್ಡ ಪಾಲು.

ಕಾಡು ನೆಂಟರ ಕೊಡುಗೆ ಅಷ್ಟಕ್ಕೇ ಮುಗಿಯುವುದಿಲ್ಲ. 1950ರ ದಶಕದಲ್ಲಿ ಕೆನಡಾದ ಸೂರ್ಯಕಾಂತಿ ಹೊಲಗಳನ್ನು ತುಕ್ಕುರೋಗ ಕಾಡುತ್ತಿದ್ದಾಗ, ಅದನ್ನು ತಡೆಯುವ ವಂಶವಾಹಿಗಳು ಸಿಕ್ಕಿದ್ದು ಟೆಕ್ಸಾಸಿನಲ್ಲಿ ಕಾಡು ಸೂರ್ಯಕಾಂತಿಯೊಂದಿಗೆ ತಾನಾಗಿ ಕೂಡಿಕೆಯಾಗಿದ್ದ ಗಿಡಗಳಲ್ಲಿ. ಬೂಜುರೋಗಕ್ಕೆ ಎದುರು ನಿಲ್ಲುವ ಗುಣವೂ ಹೆಚ್ಚಾಗಿ ಕಾಡು ಪ್ರಭೇದಗಳಿಂದಲೇ ಬಂದಿದೆ. 1996ರಲ್ಲಿ ಕ್ಯಾನ್ಸಸ್ಸಿನ ರಾಸ್‌ವಿಲ್ ಬಳಿಯ ಸೋಯಾ ಹೊಲವೊಂದರಲ್ಲಿ, ಏಳು ವರ್ಷ ಒಂದೇ ಬಗೆಯ ಕಳೆನಾಶಕ ಸಿಂಪಡಿಸಿದರೂ ಸಾಯದ ಕಾಡು ಸೂರ್ಯಕಾಂತಿ ಕಂಡುಬಂತು. ಆ ಸೋಯಾ ರೈತನಿಗೆ ಅದು ದೊಡ್ಡ ಸಂಕಟ. ತಳಿ ವಿಜ್ಞಾನಿಗಳು ಅದರ ಗುಣವನ್ನು ಸಾಕಿದ ಸೂರ್ಯಕಾಂತಿಗೆ ದಾಟಿಸಿ, ಆ ಕಳೆನಾಶಕ ತಾಳುವ ತಳಿಗಳನ್ನು ಮಾಡಿದರು. ಕಾಡುಗಿಡ ಕೆಲವು ಕಡೆ ನಿಜಕ್ಕೂ ಕಳೆಯೇ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅರ್ಜೆಂಟೀನಾ, ಯುರೋಪಿನ ರೈತರು ಅದರೊಂದಿಗೆ ಸೆಣಸುತ್ತಲೇ ಇದ್ದಾರೆ. ಅದನ್ನು ಕಳೆಯಾಗಿಸಿದ ಮೊಂಡುತನವೇ ಬೆಳೆಯನ್ನು ಕಾಯುವ ಬಂಡವಾಳವೂ ಆಗಿದೆ.

ಈ ಶಕ್ತಿ ಅವಕ್ಕೆ ಎಲ್ಲಿಂದ ಬಂತು? ಬಗೆಬಗೆಯ ನೆಲದಲ್ಲಿ, ಸಾವಿರಾರು ವರ್ಷ, ಯಾರ ಆರೈಕೆಯೂ ಇಲ್ಲದೆ ಬದುಕಿ ಉಳಿದದ್ದರಿಂದ. ಕೊಲರಾಡೋದ ಮರಳು ದಿಬ್ಬಗಳ ಮೇಲೆ ಬೆಳೆಯುವ ಪೆಟಿಯೊಲಾರಿಸ್ ಗಿಡಗಳ ಕಾಳು, ದಿಬ್ಬದಾಚೆಯ ಬಯಲಿನಲ್ಲಿರುವ ಅದೇ ಪ್ರಭೇದದ ಕಾಳಿಗಿಂತ ಬಹಳ ದಪ್ಪ. ಮರಳಿನಡಿ ಆಳದಲ್ಲಿ ಹೂತ ಮೊಳಕೆ ಮೇಲೆ ಬರಲು ಅಷ್ಟು ಬುತ್ತಿ ಬೇಕು. ಕಾಡು ಸೂರ್ಯಕಾಂತಿಯ ಎಸಳಿನ ಬುಡದಲ್ಲಿ ನಮ್ಮ ಕಣ್ಣಿಗೆ ಕಾಣದ, ಜೇನಿಗೆ ಕಾಣುವ ಅತಿನೇರಳೆ ಗುರುತು ಇದೆ. ಒಣ ಸೀಮೆಯ ಗಿಡಗಳಲ್ಲಿ ಆ ಗುರುತು ದೊಡ್ಡದು. ಅದಕ್ಕೆ ಕಾರಣವಾದ ವಸ್ತು ಎಸಳಿನಿಂದ ನೀರು ಆರಿಹೋಗುವುದನ್ನೂ ತಗ್ಗಿಸುತ್ತದೆ ಎಂದು 2022ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇನ್ನೂ ಅಚ್ಚರಿಯದು ವಿಜ್ಞಾನಿ ಲೋರೆನ್ ರೀಸ್‌ಬರ್ಗ್ ಮತ್ತು ಸಂಗಡಿಗರು ಬಿಡಿಸಿದ ಕಥೆ. ಆನ್ಯುಅಸ್ ಮತ್ತು ಪೆಟಿಯೊಲಾರಿಸ್ ಎರಡೂ ಪ್ರಕೃತಿಯಲ್ಲೇ ಕೂಡಿ ಮೂರು ಹೊಸ ಪ್ರಭೇದಗಳು ಹುಟ್ಟಿವೆ. ಒಂದು ಮರಳು ದಿಬ್ಬಕ್ಕೆ, ಒಂದು ಮರುಭೂಮಿಗೆ, ಇನ್ನೊಂದು ಉಪ್ಪುನೀರಿನ ಜವುಗಿಗೆ ಹೊಂದಿಕೊಂಡಿತು. ಅಪ್ಪ ಅಮ್ಮನಿಗೆ ಸಾಮಾನ್ಯವಾಗಿ ಒಗ್ಗದ ನೆಲದಲ್ಲಿ ಮಕ್ಕಳು ಬೇರೂರಿದವು.

ಉಪ್ಪಿನ ಜವುಗಿನಲ್ಲಿ ಬೆಳೆಯುವ ಹೀಲಿಯಾಂಥಸ್ ಪ್ಯಾರಡಾಕ್ಸಸ್ ಪಶ್ಚಿಮ ಟೆಕ್ಸಾಸ್ ಮತ್ತು ನ್ಯೂ ಮೆಕ್ಸಿಕೋದ ಕೆಲವೇ ಊಟೆಗಳ ಬಳಿ ಉಳಿದಿದೆ. ಅದರಿಂದ ಉಪ್ಪು ತಾಳುವ ಗುಣವನ್ನು ಬೆಳೆಸುವ ಸೂರ್ಯಕಾಂತಿಗೆ ತರುವ ಕೆಲಸ ನಡೆದಿದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳಾದ ಹೊಲಗಳನ್ನು ಕಂಡವರಿಗೆ ಈ ಗುಣದ ಬೆಲೆ ವಿವರಿಸಬೇಕಿಲ್ಲ. ಅಂತರ್ಜಲ ಇಳಿದು ಆ ಊಟೆಗಳು ಬತ್ತಿದರೆ ಈ ಗಿಡವೂ ಇಲ್ಲ. ಅಮೆರಿಕ ಅದನ್ನು 1999ರಲ್ಲಿ ಅಪಾಯದಲ್ಲಿರುವ ಪ್ರಭೇದವೆಂದು ಕಾನೂನಿನ ರಕ್ಷಣೆಗೆ ತಂದಿತು.

ಕಾಡಿನ ವೈವಿಧ್ಯ ಯಾಕೆ ಬೇಕು ಎಂಬುದಕ್ಕೆ ನಮ್ಮ ಹೊಲಗಳಲ್ಲೇ ಪುರಾವೆ ಇದೆ. 1997ರಲ್ಲಿ ಬಾಗೇಪಲ್ಲಿಯ ಸೂರ್ಯಕಾಂತಿ ಹೊಲಗಳಲ್ಲಿ ಹೊಸ ರೋಗ ಕಾಣಿಸಿತು. ಎಲೆಯಂಚು ಕಪ್ಪಾಗಿ, ದಂಟು ತಿರುಚಿ, ತೆನೆ ಸೊಟ್ಟಗಾಗಿ ಗಿಡಗಳು ಒಣಗಿದವು. ಕೆಲವೇ ವರ್ಷಗಳಲ್ಲಿ ನೆರೆಯ ಆಂಧ್ರ, ಮಹಾರಾಷ್ಟ್ರ, ತಮಿಳುನಾಡುಗಳಿಗೂ ಹಬ್ಬಿದ ಇದಕ್ಕೆ ಕಾರಣ ತಂಬಾಕಿನ ಸ್ಟ್ರೀಕ್ ವೈರಸ್. ಅದು ಹರಡುವ ಬಗೆಯನ್ನು ಪತ್ತೆ ಮಾಡಿದಾಗ ಸಿಕ್ಕಿದ್ದು ಕಾಂಗ್ರೆಸ್ ಹುಲ್ಲು ಎಂದು ನಾವು ಕರೆಯುವ ಪಾರ್ಥೇನಿಯಂ. ರೋಗದ ಗುರುತೇ ಇಲ್ಲದೆ ಆ ಗಿಡ ವೈರಸ್ಸನ್ನು ತನ್ನ ಪರಾಗದಲ್ಲಿ ಇಟ್ಟುಕೊಂಡಿರುತ್ತದೆ. ಥ್ರಿಪ್ಸ್ ನುಸಿಗಳು ಆ ಪರಾಗವನ್ನು ಮೈಗೆ ಅಂಟಿಸಿಕೊಂಡು ಸೂರ್ಯಕಾಂತಿಯ ಮೇಲೆ ಕೂತು ಎಲೆ ಕೆರೆಯುತ್ತವೆ, ಗಾಯದ ಮೂಲಕ ವೈರಸ್ ಒಳಹೋಗುತ್ತದೆ. ಬದುವಿನ ಪಾರ್ಥೇನಿಯಂ ಹೂ ಬಿಡುವ ಮೊದಲೇ ಕೀಳಿರಿ, ಹೊಲದ ಸುತ್ತ ಕೆಲವು ಸಾಲು ಜೋಳ ಬಿತ್ತಿರಿ ಎಂಬ ಸಲಹೆಯ ಹಿಂದೆ ಇರುವುದು ಈ ತಿಳಿವಳಿಕೆ. ಬೆಳೆಸುವ ತಳಿಗಳಲ್ಲಿ ಗಟ್ಟಿಯಾದ ನಿರೋಧಕ ಗುಣ ಕಾಣದ್ದರಿಂದ ಸಂಶೋಧಕರು ಇದಕ್ಕೂ ಕಾಡು ಪ್ರಭೇದಗಳತ್ತಲೇ ನೋಡುತ್ತಿದ್ದಾರೆ.

ಜಗತ್ತಿನ ಹೈಬ್ರಿಡ್‌ಗಳೆಲ್ಲ ಒಂದೇ ಕಾಡುತಾಯಿಯ ಮೇಲೆ ನಿಂತಿರುವುದೂ ಚಿಂತೆಯ ವಿಷಯವೇ. 1970ರಲ್ಲಿ ಅಮೆರಿಕದ ಮೆಕ್ಕೆಜೋಳಕ್ಕೆ ಇಂಥದೇ ಗತಿ ಬಂದಿತ್ತು. ಬಹುಪಾಲು ಹೈಬ್ರಿಡ್‌ಗಳು ಒಂದೇ ತಾಯಿ ಮೂಲದವಾಗಿದ್ದವು. ಆ ಮೂಲದ ಮೇಲೆಯೇ ಎರಗುವ ಎಲೆ ಅಂಗಮಾರಿ ಶಿಲೀಂಧ್ರವೊಂದು ಒಂದೇ ಹಂಗಾಮಿನಲ್ಲಿ ದೇಶದ ಬೆಳೆಯ ದೊಡ್ಡ ಪಾಲನ್ನು ತಿಂದುಹಾಕಿತು. ಸೂರ್ಯಕಾಂತಿಗೆ ಬೇರೆ ಬೇರೆ ಕಾಡು ಪ್ರಭೇದಗಳಿಂದ ಪರಾಗರಹಿತ ತಾಯಿ ಮೂಲಗಳನ್ನು ಹುಡುಕಿಟ್ಟಿದ್ದಾರೆ. ಅವುಗಳನ್ನು ಬಳಕೆಗೆ ತರುವ ಕೆಲಸ ನಿಧಾನದ್ದು, ಲಾಭ ಕೂಡಲೇ ಕಾಣದು, ಆದ್ದರಿಂದ ಖಾಸಗಿ ಬಂಡವಾಳ ಅತ್ತ ಸುಲಭವಾಗಿ ಹರಿಯದು. ಸಾರ್ವಜನಿಕ ಸಂಶೋಧನೆ ಇರಬೇಕಾದ್ದು ಇಂಥ ಕೆಲಸಕ್ಕಾಗಿಯೇ.

ನಮ್ಮ ಇಂದಿನ ಸ್ಥಿತಿ ನೋಡಿದರೆ ಈ ಮಾತು ಇನ್ನೂ ಚುರುಕಾಗಿ ತಾಗುತ್ತದೆ. 25 ಲಕ್ಷ ಹೆಕ್ಟೇರ್ ಮೀರಿದ್ದ ಸೂರ್ಯಕಾಂತಿ ಈಚಿನ ವರ್ಷಗಳಲ್ಲಿ ಅದರ ಹತ್ತನೇ ಒಂದು ಭಾಗದ ಆಸುಪಾಸಿಗೆ ಕುಗ್ಗಿದೆ. ರೋಗ, ಗಿಳಿಗಳ ಹಾವಳಿ, ಅಗ್ಗದ ಆಮದು ಎಣ್ಣೆ ಎಲ್ಲ ಸೇರಿ ರೈತ ಕಡಲೆ, ಮೆಕ್ಕೆಜೋಳ, ಹತ್ತಿಯತ್ತ ತಿರುಗಿದ. ಉಕ್ರೇನ್ ಮತ್ತು ರಷ್ಯಗಳಿಂದ ಬರುವ ಎಣ್ಣೆಯನ್ನೇ ನೆಚ್ಚಿಕೊಂಡ ನಮಗೆ 2022ರ ಯುದ್ಧ ಬೆಲೆಯೇರಿಕೆಯ ಬಿಸಿ ಮುಟ್ಟಿಸಿತು. ಬೆಳೆಯನ್ನು ಹೊಲಕ್ಕೆ ಮರಳಿ ತರಲು ಬೆಂಬಲ ಬೆಲೆ ಬೇಕು, ಖರೀದಿ ಬೇಕು. ಅಷ್ಟೇ ಮುಖ್ಯವಾಗಿ ಬರ, ಸವಳು, ವೈರಸ್ ತಾಳುವ ತಳಿ ಬೇಕು. ಆ ಗುಣಗಳನ್ನು ಹುಡುಕಬೇಕಾದ್ದು ಕಾಡು ನೆಂಟರಲ್ಲಿ.

ಆ ನೆಂಟರು ನಮ್ಮ ನೆಲದವರಲ್ಲ. ಅಮೆರಿಕದ ಅಯೋವಾ ರಾಜ್ಯದ ಏಮ್ಸ್ ಪಟ್ಟಣದಲ್ಲಿ ಕಾಡು ಸೂರ್ಯಕಾಂತಿ ಬೀಜಗಳ ದೊಡ್ಡ ಸಂಗ್ರಹವಿದೆ. ಒಮ್ಮೆ ಕಾಡು ಸೂರ್ಯಕಾಂತಿಯನ್ನು ಕಳೆಯೆಂದು ಪಟ್ಟಿ ಮಾಡಿದ ರಾಜ್ಯದ ನೆಲದಲ್ಲೇ ಇಂದು ಅದರ ಬೀಜವನ್ನು ಕಾಪಾಡಲಾಗುತ್ತಿದೆ. ನಮ್ಮಲ್ಲಿ ಹೈದರಾಬಾದಿನ ಭಾರತೀಯ ಎಣ್ಣೆಕಾಳು ಸಂಶೋಧನಾ ಸಂಸ್ಥೆ ಕಾಡು ಪ್ರಭೇದಗಳನ್ನು ಬೆಳೆಸಿ ಉಳಿಸಿಕೊಂಡಿದೆ. ಭಾರತವೂ ಸೇರಿರುವ, 2004ರಲ್ಲಿ ಜಾರಿಗೆ ಬಂದ ಸಸ್ಯ ತಳಿ ಸಂಪನ್ಮೂಲಗಳ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ ಸೂರ್ಯಕಾಂತಿಯೂ ಇದೆ. ಸದಸ್ಯ ದೇಶಗಳು ಅದರ ಬೀಜಗಳನ್ನು ಹಂಚಿಕೊಳ್ಳಲು ಒಪ್ಪಿವೆ. ಆದರೂ ತಣ್ಣನೆಯ ಕೋಣೆಯ ಬೀಜ ಅದನ್ನು ಕೂಡಿಹಾಕಿದ ದಿನದ ಬೀಜ. ಹೊರಗೆ ರೋಗ ಬದಲಾಗುತ್ತದೆ, ಹವೆ ಬದಲಾಗುತ್ತದೆ. ಅದಕ್ಕೆ ತಕ್ಕಂತೆ ಬದಲಾಗುವುದು ನೆಲದಲ್ಲಿ ಬೇರುಬಿಟ್ಟ ಗಿಡ ಮಾತ್ರ. ಆದ್ದರಿಂದ ಸಂಗ್ರಹವೂ ಬೇಕು, ಅವು ಹುಟ್ಟಿ ಬೆಳೆಯುವ ಜಾಗವೂ ಉಳಿಯಬೇಕು.

ಇದೇ ಪಾಠ ನಮ್ಮ ನೆಲದ ಗಿಡಗಳಿಗೂ ಸಲ್ಲುತ್ತದೆ. ಕಲಬುರಗಿಯ ಬದುಕು ನಿಂತಿರುವ ತೊಗರಿಯ ಮೂಲ ಭಾರತ. ಪೂರ್ವ ಭಾರತದ ಕಾಡುಗಳಲ್ಲಿ ಬೆಳೆಯುವ ಕಜಾನಸ್ ಕಜಾನಿಫೋಲಿಯಸ್ ಎಂಬ ಕಾಡುತೊಗರಿಯಿಂದ ಪರಾಗವಿಲ್ಲದ ತಾಯಿ ಸಾಲನ್ನು ಪಡೆದು, ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ತೊಗರಿಯ ಹೈಬ್ರಿಡ್ ರೂಪಿಸಿತು. ಸೂರ್ಯಕಾಂತಿಯಲ್ಲಿ ನಡೆದ ಕಥೆ ತೊಗರಿಯಲ್ಲೂ ನಡೆಯಿತು, ಈ ಸಲ ಕಾಡುತಾಯಿ ನಮ್ಮವಳೇ. ಪಶ್ಚಿಮ ಘಟ್ಟದಲ್ಲಿ ಕಾಡು ಮೆಣಸು, ಕಾಡು ಏಲಕ್ಕಿ, ಕಾಡು ಮಾವು ಇವೆ. ಬಯಲುಸೀಮೆಯ ಬದು, ಗೋಮಾಳ, ಹಳ್ಳದ ದಂಡೆಗಳಲ್ಲಿ ಕಾಡು ಬದನೆಗಳಿವೆ, ಕಾಡು ಎಳ್ಳಿದೆ. ರಸ್ತೆ ಅಗಲಿಸುವಾಗ, ಗೋಮಾಳ ಹಂಚುವಾಗ, ಬದುವಿಗೆ ಕಳೆನಾಶಕ ಹೊಡೆಯುವಾಗ ಇವುಗಳ ಲೆಕ್ಕ ಯಾರೂ ಇಡುವುದಿಲ್ಲ.

ಆ ಲೆಕ್ಕ ಇಡುವುದು ಇಂದಿನ ಕೆಲಸ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವವೈವಿಧ್ಯ ದಾಖಲೆ ಬರೆದಿಡಬೇಕು ಎಂದು 2002ರ ಜೀವವೈವಿಧ್ಯ ಕಾಯ್ದೆ ಹೇಳುತ್ತದೆ. ಆ ದಾಖಲೆಯಲ್ಲಿ ಬೆಳೆಗಳ ಕಾಡು ನೆಂಟರಿಗೆ ಒಂದು ಅಧ್ಯಾಯ ಮೀಸಲಾಗಲಿ. ಊರಿನ ಹಿರಿಯರು, ಕುರಿ ಕಾಯುವವರು, ಶಾಲೆಯ ಮಕ್ಕಳು ಸೇರಿ ಅದನ್ನು ತುಂಬಲಿ. ಕೃಷಿ ವಿಶ್ವವಿದ್ಯಾಲಯಗಳ ತಳಿ ಸಂಗ್ರಹಗಳಿಗೆ ಹಂಗಾಮು ತಪ್ಪದೆ ಹಣ ಸಿಗಲಿ, ಏಕೆಂದರೆ ಒಂದು ವರ್ಷ ಬಿತ್ತದೆ ಬಿಟ್ಟ ಬೀಜ ಮರುವರ್ಷ ಮೊಳೆಯುತ್ತದೆಂಬ ಭರವಸೆ ಇಲ್ಲ. ಮುಂದಿನ ರೋಗ ಯಾವುದು, ಅದಕ್ಕೆ ಮದ್ದು ಯಾವ ಗಿಡದಲ್ಲಿದೆ ಎಂದು ಮುಂಚೆಯೇ ಹೇಳಬಲ್ಲವರು ಯಾರೂ ಇಲ್ಲ. ಹಾಗಿರುವಾಗ ಯಾವ ಗಿಡ ಬೇಡ ಎಂದು ತೀರ್ಮಾನಿಸುವ ಅವಸರವೂ ನಮಗೆ ಬೇಡ.